ಉಷ್ಣವಲಯದ ದರೋಡೆ ನೊಣಗಳು: ಚಿತ್ರ ನೋಡಿ ಗುರುತಿಸುವ ಬಗೆ

ದರೋಡೆ ನೊಣ ಎಂಬುದು ಡಿಪ್ಟೆರ ಗಣದ ಅಸಿಲಿಡೇ ಕುಟುಂಬಕ್ಕೆ ಸೇರಿದ ಬೇಟೆಗಾರ ನೊಣಗಳ ಸಾಮಾನ್ಯ ಹೆಸರು. ಕನ್ನಡದ ಕೀಟಾಸಕ್ತರು ಇದನ್ನು ದರೋಡೆಕೋರ ನೊಣ, ರಾಬರ್ ಫ್ಲೈ ಎಂದೂ ಕರೆಯುತ್ತಾರೆ. ಜಗತ್ತಿನಲ್ಲಿ ಈವರೆಗೆ 7,500ಕ್ಕೂ ಹೆಚ್ಚು ಪ್ರಭೇದಗಳಿಗೆ ವೈಜ್ಞಾನಿಕ ಹೆಸರು ಸಿಕ್ಕಿದೆ. ಭಾರತದಿಂದ ದಾಖಲಾದವು ಸುಮಾರು 500. ಅಂಟಾರ್ಕ್ಟಿಕಾ ಬಿಟ್ಟರೆ ಎಲ್ಲ ಖಂಡಗಳಲ್ಲೂ ಇವು ಇವೆ. ಬಿಸಿಲು ಚೆನ್ನಾಗಿ ಬೀಳುವ ಬೆಚ್ಚನೆಯ ನಾಡುಗಳಲ್ಲಿ ಇವುಗಳ ವೈವಿಧ್ಯ ಹೆಚ್ಚು.

ಕ್ಯಾಮೆರಾ ಇರುವ ಮೊಬೈಲು ಎಲ್ಲರ ಕೈಗೂ ಬಂದ ಮೇಲೆ ಈ ನೊಣಗಳ ಚಿತ್ರಗಳು ಹೇರಳವಾಗಿ ಸಿಗುತ್ತಿವೆ. ಚಿತ್ರ ತೆಗೆದವರು ಮೊದಲು ಕೇಳುವುದು ಇದರ ಹೆಸರೇನು ಎಂದು. ಯುರೋಪಿನ ಹಲವು ದರೋಡೆ ನೊಣಗಳ ಮಟ್ಟಿಗೆ ಈ ಪ್ರಶ್ನೆಗೆ ಚಿತ್ರದಿಂದಲೇ ಉತ್ತರ ಕೊಡಬಹುದು. ಉಷ್ಣವಲಯದಲ್ಲಿ ಹಾಗಲ್ಲ. ಒಳ್ಳೆಯ ಚಿತ್ರವೊಂದು ಕುಟುಂಬವನ್ನು ಖಚಿತವಾಗಿ, ಉಪಕುಟುಂಬವನ್ನು ಬಹುಪಾಲು ಖಚಿತವಾಗಿ, ಕುಲವನ್ನು ಅನೇಕ ಸಲ ಹೇಳಿಕೊಡುತ್ತದೆ. ಪ್ರಭೇದದವರೆಗೆ ಹೋಗಲು ನೆರವಾಗುವ ಚಿತ್ರಗಳು ಕಡಿಮೆ. ಚಿತ್ರ ಎಲ್ಲಿಯವರೆಗೆ ಕರೆದೊಯ್ಯುತ್ತದೋ ಅಲ್ಲಿಯೇ ನಿಲ್ಲುವುದು ಈ ವಿದ್ಯೆಯ ಮೊದಲ ಪಾಠ. ಗೋವಾದ ಸತ್ತರಿ ತಾಲ್ಲೂಕಿನ ಕೇಂದ್ರವಾದ ವಾಳಪೈ ಮತ್ತು ಅದಕ್ಕೆ ಹೊಂದಿಕೊಂಡ ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡುಗಳನ್ನು ಉದಾಹರಣೆಯಾಗಿಟ್ಟುಕೊಂಡು ಈ ಲೇಖನ ಆ ಕ್ರಮವನ್ನು ವಿವರಿಸುತ್ತದೆ.

ದೇಹಲಕ್ಷಣಗಳು

ದರೋಡೆ ನೊಣವನ್ನು ಬೇರೆ ನೊಣಗಳಿಂದ ಬೇರ್ಪಡಿಸುವ ಗುರುತುಗಳು ಹೆಚ್ಚಾಗಿ ತಲೆಯಲ್ಲಿವೆ. ಎರಡು ದೊಡ್ಡ ಸಂಯುಕ್ತ ಕಣ್ಣುಗಳು ಇಬ್ಬದಿಯಲ್ಲೂ ಉಬ್ಬಿರುತ್ತವೆ. ಅವುಗಳ ನಡುವಣ ನೆತ್ತಿ ತಗ್ಗಾಗಿ ಕುಳಿಬಿದ್ದಿರುತ್ತದೆ. ಎದುರಿನಿಂದ ತೆಗೆದ ಚಿತ್ರದಲ್ಲಿ ಈ ತಗ್ಗು ಸ್ಪಷ್ಟವಾಗಿ ಕಾಣುತ್ತದೆ. ತಗ್ಗಿನೊಳಗೆ ಚಿಕ್ಕ ದಿಬ್ಬದ ಮೇಲೆ ಮೂರು ಸರಳಕಣ್ಣುಗಳಿರುತ್ತವೆ.

ಎರಡನೆಯ ಗುರುತು ಮುಖದ ಮೇಲಿನ ಬಿರುಗೂದಲ ಗುಚ್ಛ. ಇದಕ್ಕೆ ಕೀಟಶಾಸ್ತ್ರಜ್ಞರು ಮಿಸ್ಟ್ಯಾಕ್ಸ್ ಎನ್ನುತ್ತಾರೆ. ಒದ್ದಾಡುವ ಬೇಟೆಯಿಂದ ಮುಖಕ್ಕೆ ಪೆಟ್ಟಾಗದಂತೆ ಇದು ಕಾಯುತ್ತದೆಂದು ತಿಳಿಯಲಾಗಿದೆ. ಗುಚ್ಛದ ಬಣ್ಣ, ದಟ್ಟಣೆ, ಅದು ಮುಖದ ಎಷ್ಟು ಭಾಗವನ್ನು ಆವರಿಸಿದೆ ಎಂಬುದು ಮುಂದೆ ಕುಲ, ಪ್ರಭೇದಗಳನ್ನು ಬೇರ್ಪಡಿಸುವಾಗ ಬೇಕಾಗುತ್ತದೆ. ಅದರ ಕೆಳಗೆ ಗಟ್ಟಿಯಾದ, ಚೂಪಾದ ಸೊಂಡಿಲು ಮುಂದಕ್ಕೋ ಕೆಳಮುಖವಾಗಿಯೋ ಚಾಚಿರುತ್ತದೆ.

ಎದೆಭಾಗ ಬಲವಾದ ಹಾರಾಟದ ಸ್ನಾಯುಗಳಿಂದ ತುಂಬಿ ಗೂನುಬೆನ್ನಿನಂತೆ ಎದ್ದಿರುತ್ತದೆ. ಕಾಲುಗಳು ಉದ್ದವಾಗಿದ್ದು ಮುಳ್ಳುಗೂದಲುಗಳಿಂದ ತುಂಬಿರುತ್ತವೆ. ಉದರ ಹೆಚ್ಚಿನ ಪ್ರಭೇದಗಳಲ್ಲಿ ಹಿಂದಕ್ಕೆ ಸಪೂರವಾಗುತ್ತ ಹೋಗುತ್ತದೆ, ಕೆಲವು ಗುಂಪುಗಳಲ್ಲಿ ಜೇನ್ನೊಣದ ಹಾಗೆ ಅಗಲವಾಗಿ ರೋಮ ತುಂಬಿರುತ್ತದೆ. ಗಾತ್ರದಲ್ಲೂ ವ್ಯತ್ಯಾಸ ದೊಡ್ಡದು. ಕೆಲವು ನೊಣಗಳು ಮೂರು ಮಿಲಿಮೀಟರಿಗಿಂತ ಸ್ವಲ್ಪವೇ ದೊಡ್ಡವು, ಮೈಕ್ರೊಸ್ಟೈಲಮ್ ಕುಲದ ಕೆಲವು ಪ್ರಭೇದಗಳು ನಾಲ್ಕು ಸೆಂಟಿಮೀಟರನ್ನೂ ಮೀರುತ್ತವೆ.

ಬೇಟೆ ಮತ್ತು ಜೀವನಚಕ್ರ

ದರೋಡೆ ನೊಣ ಹೊಂಚು ಹಾಕಿ ಬೇಟೆಯಾಡುತ್ತದೆ. ರೆಂಬೆಯ ತುದಿ, ಕಲ್ಲು, ಒಣಗಿದ ಕಾಂಡ, ಬರಿನೆಲ, ಹೀಗೆ ಸುತ್ತಲಿನದು ಚೆನ್ನಾಗಿ ಕಾಣುವ ಜಾಗದಲ್ಲಿ ಕೂತು ಹಾದುಹೋಗುವ ಕೀಟಗಳನ್ನು ಗಮನಿಸುತ್ತದೆ. ಗುರಿ ಕಂಡೊಡನೆ ಚಿಮ್ಮಿ ಹಾರಿ ಗಾಳಿಯಲ್ಲೇ ಕಾಲುಗಳಿಂದ ಅಪ್ಪಿ ಹಿಡಿದು ಮತ್ತೆ ಕೂರುವ ಜಾಗಕ್ಕೆ ಬರುತ್ತದೆ. ಸೊಂಡಿಲಿನೊಳಗಿನ ಸೂಜಿಯಂಥ ಅಂಗವನ್ನು ಬೇಟೆಯ ಕುತ್ತಿಗೆಯ ಸಂದಿಗೋ ಕಣ್ಣಿಗೋ ಮೃದುವಾದ ಬೇರೆ ಕಡೆಗೋ ಚುಚ್ಚುತ್ತದೆ. ಜೊಲ್ಲಿನಲ್ಲಿ ನರಗಳನ್ನು ಸ್ತಬ್ಧಗೊಳಿಸುವ ವಿಷವೂ ಮಾಂಸವನ್ನು ಕರಗಿಸುವ ಕಿಣ್ವಗಳೂ ಇರುತ್ತವೆ. ಬೇಟೆಯ ಒಳಭಾಗ ದ್ರವವಾದ ಮೇಲೆ ಅದನ್ನು ಹೀರಿ ಚಿಪ್ಪನ್ನು ಬಿಸಾಡುತ್ತದೆ.

ಈ ಬೇಟೆಯ ಹಿಂದಿನ ದೃಷ್ಟಿಶಕ್ತಿ ಎಂಥದ್ದು ಎಂಬುದನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಪಲೋಮಾ ಗೊನ್ಸಾಲೆಸ್-ಬೆಲ್ಲಿಡೊ ಅವರ ತಂಡ 2017ರಲ್ಲಿ ತೋರಿಸಿತು. ಅಮೆರಿಕದ ಹೊಲ್ಕೊಸೆಫಲ ಎಂಬ ದರೋಡೆ ನೊಣದ ಉದ್ದ ಸುಮಾರು ಆರು ಮಿಲಿಮೀಟರು. ಅದು ಬೇಟೆಯನ್ನು ಹಿಂಬಾಲಿಸಿ ಓಡುವುದಿಲ್ಲ. ಬೇಟೆ ಮುಂದೆ ತಲುಪಲಿರುವ ಬಿಂದುವಿನ ಕಡೆಗೆ ಹಾರುತ್ತದೆ. ಸುಮಾರು 29 ಸೆಂಟಿಮೀಟರು ದೂರ ಇರುವಾಗ ಪಥವನ್ನು ತಿದ್ದಿಕೊಂಡು, ವೇಗ ಹೊಂದಿಸಿಕೊಂಡು ಎರಗುತ್ತದೆ. ಕಣ್ಣಿನ ನಡುಭಾಗದ ಮಸೂರಗಳು ಉಳಿದವಕ್ಕಿಂತ ಬಹಳ ದೊಡ್ಡವಾಗಿರುವುದೇ ಈ ಸಾಮರ್ಥ್ಯದ ಗುಟ್ಟು.

ಮೊಟ್ಟೆಗಳನ್ನು ಮಣ್ಣು, ಮರಳು, ಗಿಡದ ಸಂದಿ, ಕೊಳೆತ ಮರ ಮುಂತಾದೆಡೆ ಇಡುತ್ತವೆ. ಮರಿಹುಳುಗಳು ಮಣ್ಣಿನಲ್ಲೂ ಕೊಳೆಯುವ ಮರದಲ್ಲೂ ಬೆಳೆದು ಇತರ ಕೀಟಗಳ ಮರಿಹುಳುಗಳನ್ನು ತಿನ್ನುತ್ತವೆ. ಪ್ರೋಮಾಕಸ್ ಕುಲದವು ಗೊಣ್ಣೆಹುಳುಗಳ ಶತ್ರುಗಳೆಂದು ಹೆಸರಾಗಿವೆ. ಹೀಗೆ ದರೋಡೆ ನೊಣದ ಬದುಕಿನ ಹೆಚ್ಚಿನ ಪಾಲು ಕಣ್ಣಿಗೆ ಬೀಳದೆ ನೆಲದಡಿಯಲ್ಲೋ ಮರದೊಳಗೋ ಕಳೆಯುತ್ತದೆ. ಪ್ರೌಢ ನೊಣ ಹೊರಬಂದ ಮೇಲೆ ಪ್ಯೂಪದ ಖಾಲಿ ಕವಚ ಮಣ್ಣಿನಿಂದ ಅರ್ಧ ಹೊರಚಾಚಿ ನಿಂತಿರುವುದುಂಟು. ಅದರ ತಲೆಯ ಮೇಲೂ ಉದರದ ಸುತ್ತಲೂ ಮುಳ್ಳುಗಳಿರುತ್ತವೆ. ಅಂಥ ಕವಚದ ಚಿತ್ರಕ್ಕೂ ಬೆಲೆಯಿದೆ, ಆ ಪ್ರಭೇದ ಆ ನೆಲದಲ್ಲಿ ಹುಟ್ಟಿ ಬೆಳೆದಿದೆ ಎಂಬುದಕ್ಕೆ ಅದು ನೇರ ಸಾಕ್ಷಿ.

ಹೋಲುವ ಕೀಟಗಳು

ಚಿತ್ರದಲ್ಲಿ ದರೋಡೆ ನೊಣವೆಂದು ತಪ್ಪಾಗಿ ತಿಳಿಯುವ ಕೀಟಗಳು ಹಲವು. ದನಕರುಗಳ ರಕ್ತ ಹೀರುವ ಕುದುರೆನೊಣಗಳಿಗೂ ದೊಡ್ಡ ಕಣ್ಣುಗಳಿವೆ, ಆದರೆ ನೆತ್ತಿಯಲ್ಲಿ ಕುಳಿಯಿಲ್ಲ, ಮುಖದಲ್ಲಿ ಬಿರುಗೂದಲ ಗುಚ್ಛವಿಲ್ಲ. ಥೆರೆವಿಡೇ ಕುಟುಂಬದ ನೊಣಗಳು ದೇಹದ ಆಕಾರದಲ್ಲಿ ಬಹಳ ಹತ್ತಿರ ಬರುತ್ತವೆ, ಅವುಗಳ ಕಾಲು ಸಪೂರ, ಸೊಂಡಿಲು ಮೃದು. ಜೇನುನೊಣವನ್ನು ಹೋಲುವ ಬಾಂಬಿಲಿಡೇ ಕುಟುಂಬದವು ಹೂವಿನ ಮುಂದೆ ಗಾಳಿಯಲ್ಲಿ ನಿಂತು ಮಕರಂದ ಹೀರುತ್ತವೆ. ದರೋಡೆ ನೊಣ ಹೂವಿನ ಮೇಲೆ ಕೂತಿದ್ದರೆ ಅದು ಸಾಮಾನ್ಯವಾಗಿ ಹೂವಿಗೆ ಬರುವ ಕೀಟಕ್ಕಾಗಿ ಕಾದಿರುತ್ತದೆ.

ಇನ್ನೊಂದು ಬಗೆಯ ಗೊಂದಲ ದರೋಡೆ ನೊಣಗಳ ಅನುಕರಣೆಯಿಂದ ಹುಟ್ಟುತ್ತದೆ. ಹೈಪರೇಕಿಯ ಕುಲದ ನೊಣಗಳು ಮರ ಕೊರೆಯುವ ಕಪ್ಪು ಭ್ರಮರವನ್ನು ಬಣ್ಣ, ಗಾತ್ರ, ಹಾರುವ ಸದ್ದು ಎಲ್ಲದರಲ್ಲೂ ಹೋಲುತ್ತವೆ. ಭಾರತದಿಂದ ದಾಖಲಾದ ಪ್ರಭೇದಕ್ಕೆ ಹೈಪರೇಕಿಯ ಕ್ಸೈಲೊಕೋಪಿಫಾರ್ಮಿಸ್ ಎಂಬ ಹೆಸರೇ ಇದೆ, ಕ್ಸೈಲೊಕೋಪ ಎಂಬುದು ಆ ಭ್ರಮರದ ಕುಲ. ಇವುಗಳ ಮರಿಹುಳುಗಳು ಭ್ರಮರ ಕೊರೆದ ಮರದ ಸುರಂಗದೊಳಗೆ ಅದರ ಮರಿಗಳನ್ನೇ ತಿಂದು ಬೆಳೆಯುತ್ತವೆ. ಆಕ್ಸ್‌ಫರ್ಡಿನ ಎಡ್ವರ್ಡ್ ಪೋಲ್ಟನ್ ಈ ಸಂಬಂಧದ ಬಗ್ಗೆ 1920ರ ದಶಕದಲ್ಲೇ ಬರೆದಿದ್ದರು. ಚಿತ್ರದಲ್ಲಿ ಇವೆರಡನ್ನು ಬೇರ್ಪಡಿಸುವುದು ಸುಲಭ. ಭ್ರಮರಕ್ಕೆ ನಾಲ್ಕು ರೆಕ್ಕೆ, ಮೊಣಕೈಯಂತೆ ಮಡಿಚಿದ ಉದ್ದನೆಯ ಕುಡಿಮೀಸೆ. ನೊಣಕ್ಕೆ ಎರಡೇ ರೆಕ್ಕೆ, ಮೋಟು ಕುಡಿಮೀಸೆ, ಕಣ್ಣುಗಳ ನಡುವೆ ಕುಳಿ.

ಉಪಕುಟುಂಬಗಳನ್ನು ಬೇರ್ಪಡಿಸುವ ಗುರುತುಗಳು

ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಟಾರ್ಸ್ಟೆನ್ ಡಿಕೋವ್ ದೇಹರಚನೆಯನ್ನು ಆಧರಿಸಿ 2009ರಲ್ಲಿ ಪ್ರಕಟಿಸಿದ ವರ್ಗೀಕರಣ ಈ ಕುಟುಂಬವನ್ನು 14 ಉಪಕುಟುಂಬಗಳಾಗಿ ವಿಂಗಡಿಸಿತು. ನಮ್ಮ ಕಾಡುಗಳಲ್ಲಿ ಚಿತ್ರ ತೆಗೆಯುವವರಿಗೆ ಹೆಚ್ಚಾಗಿ ಎದುರಾಗುವವು ಕೆಲವೇ. ಅವುಗಳನ್ನು ಬೇರ್ಪಡಿಸಲು ಮುಖ್ಯವಾಗಿ ಮೂರು ಭಾಗಗಳನ್ನು ನೋಡಬೇಕು: ಕುಡಿಮೀಸೆಯ ತುದಿ, ರೆಕ್ಕೆಯ ನಾಳಗಳು, ಮುಂಗಾಲಿನ ಜಂಘೆ.

ಅಸಿಲಿನೇ: ಕುಡಿಮೀಸೆಯ ತುದಿಯಲ್ಲಿ ಕೂದಲೆಳೆಯಂಥ ಬರಿಯ ಮೊನೆ. ರೆಕ್ಕೆಯ ಮುಂದಂಚಿನ ಉದ್ದ ಕೋಷ್ಠ (ನಾಳಗಳ ನಡುವಣ ಜಾಗ) ಅಂಚನ್ನು ಮುಟ್ಟುವ ಮೊದಲೇ ಮುಚ್ಚಿಕೊಂಡಿರುತ್ತದೆ. ಪ್ರೋಮಾಕಸ್, ಫಿಲೋಡಿಕಸ್, ಕ್ಲೆಫಿಡ್ರೊನ್ಯೂರ, ನಿಯೋಇಟಾಮಸ್ ಮುಂತಾದ ಕುಲಗಳು ಇಲ್ಲಿ ಬರುತ್ತವೆ. ಪ್ರೋಮಾಕಸ್ ದೊಡ್ಡ ಗಾತ್ರದ, ಹಳದಿ-ಕಂದು ರೋಮಗಳ ನೊಣ. ಅನೇಕ ಪ್ರಭೇದಗಳ ಗಂಡಿನ ಉದರದ ತುದಿಯಲ್ಲಿ ಬಿಳಿ ರೋಮದ ಗೊಂಚಲಿರುತ್ತದೆ.

ಒಮ್ಮಾಟೀನೇ: ಕುಡಿಮೀಸೆಯ ಮೊನೆ ಗರಿಯಂತೆ ಕವಲೊಡೆದಿರುವುದು ಈ ಗುಂಪಿನ ಖಚಿತ ಗುರುತು. ಒಮ್ಮಾಟಿಯಸ್, ಕೊಫಿನೊಪೋಡ, ಮಿಕೊಟೇಮಿಯ ಇಲ್ಲಿಯ ಕುಲಗಳು. ಒಮ್ಮಾಟಿಯಸ್‌ನ ಕೆಲವು ಪ್ರಭೇದಗಳ ಗಂಡಿನಲ್ಲಿ ರೆಕ್ಕೆಯ ಮುಂದಂಚು ಉಬ್ಬಿಕೊಂಡಿರುತ್ತದೆ. ಭಾರತದಿಂದ ಜಪಾನಿನವರೆಗೆ ಹರಡಿರುವ ಕೊಫಿನೊಪೋಡ ಚೈನೆನ್ಸಿಸ್ ಈ ಗುಂಪಿನ ದೊಡ್ಡ ನೊಣ, ಜೀವಂತವಾಗಿದ್ದಾಗ ಕಣ್ಣು ಹಸಿರಾಗಿ ಹೊಳೆಯುತ್ತದೆ.

ಲಾಫ್ರೀನೇ: ಕುಡಿಮೀಸೆ ದಪ್ಪಗಿದ್ದು ತುದಿಯಲ್ಲಿ ಉದ್ದ ಮೊನೆ ಇರುವುದಿಲ್ಲ. ರೆಕ್ಕೆಯ ಮುಂದಂಚಿನ ಕೋಷ್ಠ ಮುಚ್ಚಿರುತ್ತದೆ. ದೇಹ ಗಟ್ಟಿಮುಟ್ಟು. ಕಾಡಿನಲ್ಲಿ ಬಿದ್ದ ಮರದ ದಿಮ್ಮಿಯ ಮೇಲೆ ಕೂರುವ, ಜೇನು ಅಥವಾ ಕಣಜವನ್ನು ಹೋಲುವ ದರೋಡೆ ನೊಣ ಬಹುಪಾಲು ಈ ಗುಂಪಿನದು. ಹೈಪರೇಕಿಯ ಕೂಡ ಇಲ್ಲಿಯದೇ.

ಲೆಪ್ಟೊಗ್ಯಾಸ್ಟ್ರಿನೇ: ಕಡ್ಡಿಯಂತೆ ಸಪೂರವಾದ ಉದ್ದ ಉದರ, ತುದಿಯ ಕಡೆಗೆ ಉಬ್ಬಿದ ಹಿಂದೊಡೆ. ಹೆಚ್ಚಿನವುಗಳ ಪಾದದಲ್ಲಿ ಉಗುರುಗಳ ನಡುವೆ ಮೆತ್ತೆಗಳಿಲ್ಲ. ಹುಲ್ಲಿನ ನಡುವೆ ನಿಧಾನವಾಗಿ ಹಾರುತ್ತ, ಎಲೆಯ ಮೇಲೆ ಕೂತ ಸಣ್ಣ ಕೀಟಗಳನ್ನೂ ಜೇಡಗಳನ್ನೂ ಎತ್ತಿಕೊಳ್ಳುತ್ತವೆ. ಏರೋಪ್ಲೇನ್ ಚಿಟ್ಟೆಯ ಸಪೂರ ಜಾತಿಯೆಂದೋ ಕಣಜವೆಂದೋ ಇವನ್ನು ತಪ್ಪು ತಿಳಿಯುವವರು ಬಹಳ.

ಡ್ಯಾಸಿಪೋಗೊನಿನೇ: ಮುಂಗಾಲಿನ ಜಂಘೆಯ ತುದಿಯಲ್ಲಿ ಬಾಗಿದ ಗಟ್ಟಿ ಮುಳ್ಳೊಂದಿರುತ್ತದೆ. ಈ ಮುಳ್ಳು ಕಂಡರೆ ಉಪಕುಟುಂಬ ನಿರ್ಧಾರವಾದಂತೆಯೇ. ಆದರೆ ಪಕ್ಕದಿಂದ, ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮಾತ್ರ ಅದು ಕಾಣುತ್ತದೆ.

ಸ್ಟಿಕೋಪೋಗೊನಿನೇ: ಬೂದು-ಬೆಳ್ಳಿ ಬಣ್ಣದ ಸಣ್ಣ ನೊಣಗಳು. ನೆತ್ತಿಯ ಕಡೆಗೆ ಹೋದಂತೆ ಕಣ್ಣುಗಳು ಒಂದರಿಂದೊಂದು ದೂರ ಸರಿಯುತ್ತವೆ. ಹೊಳೆಯ ದಂಡೆಯ ಮರಳಿನ ಮೇಲೂ ಬಂಡೆಯ ಮೇಲೂ ಕೂರುತ್ತವೆ, ಮರಳಿನ ಬಣ್ಣಕ್ಕೆ ಎಷ್ಟು ಹೊಂದಿಕೊಂಡಿರುತ್ತವೆಂದರೆ ಹಾರಿದಾಗಲೇ ಗೊತ್ತಾಗುತ್ತದೆ.

ಟ್ರೈಗೊನೊಮಿಮಿನೇ: ದೇಹಕ್ಕೆ ಹೋಲಿಸಿದರೆ ತೀರಾ ಅಗಲವಾದ ತಲೆ, ಗೂನುಬೆನ್ನು. ಡಮಾಲಿಸ್ ಕುಲ ನಮ್ಮಲ್ಲಿ ಇದರ ಪ್ರತಿನಿಧಿ. ರೆಂಬೆಯ ಚೂಪು ತುದಿಯಲ್ಲಿ ಕೂತು ಸಣ್ಣ ಹಾರುವ ಕೀಟಗಳನ್ನು ಹಿಡಿಯುತ್ತದೆ.

ವಾಳಪೈ ಸುತ್ತಲಿನ ನೆಲೆಗಳು

ವಾಳಪೈ ಪಶ್ಚಿಮ ಘಟ್ಟದ ಬುಡದಲ್ಲಿದೆ. ಗೋವಾದಲ್ಲಿ ಅತಿ ಹೆಚ್ಚು ಮಳೆ ದಾಖಲಾಗುವ ಕೇಂದ್ರಗಳಲ್ಲಿ ಇದೂ ಒಂದು. ಪೂರ್ವಕ್ಕೆ 1999ರಲ್ಲಿ ಘೋಷಣೆಯಾದ, ಸುಮಾರು 208 ಚದರ ಕಿಲೋಮೀಟರು ವಿಸ್ತೀರ್ಣದ ಮಹದಾಯಿ ವನ್ಯಧಾಮವಿದೆ. ಚೋರ್ಲಾ ಘಾಟಿ ಹತ್ತಿದರೆ ಕಣಕುಂಬಿ, ಜಾಂಬೋಟಿಗಳ ಮೂಲಕ ಬೆಳಗಾವಿಗೆ ದಾರಿ. ಖಾನಾಪುರ ತಾಲ್ಲೂಕಿನಲ್ಲಿ 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಧಾಮವಿದ್ದು, ಮಹದಾಯಿ ಹೊಳೆ ಆ ಕಡೆಯ ಕಾಡಿನಲ್ಲೇ ಹುಟ್ಟಿ ಸತ್ತರಿಗೆ ಇಳಿಯುತ್ತದೆ. ರಾಜ್ಯದ ಗಡಿ ಕಾಡನ್ನು ಎರಡಾಗಿಸಿಲ್ಲ. ಒಂದೇ ಅರಣ್ಯದ ಮೇಲಂಚು ಕರ್ನಾಟಕದಲ್ಲಿ, ಕೆಳಂಚು ಗೋವಾದಲ್ಲಿ. ಆದ್ದರಿಂದ ಚೋರ್ಲಾದ ಮೇಲೆ ತೆಗೆದ ಚಿತ್ರವನ್ನೂ ವಾಳಪೈ ತೋಟದಲ್ಲಿ ತೆಗೆದ ಚಿತ್ರವನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಪೂರ್ಣ ಚಿತ್ರಣ ಸಿಗುತ್ತದೆ.

ದರೋಡೆ ನೊಣ ಹುಡುಕುವವರಿಗೆ ಇಲ್ಲಿ ಐದು ಬಗೆಯ ನೆಲೆಗಳು ಹತ್ತಿರಹತ್ತಿರದಲ್ಲೇ ಇವೆ. ಅಡಿಕೆ, ತೆಂಗು, ಬಾಳೆ ಬೆಳೆಯುವ ಕುಳಾಗರಗಳ ನೆರಳಿನಲ್ಲಿ, ಕಾಲುದಾರಿಯ ಬದಿಯ ಕಡ್ಡಿಗಳ ತುದಿಯಲ್ಲಿ ಒಮ್ಮಾಟಿಯಸ್ ಜಾತಿಯವನ್ನು ಹುಡುಕಬೇಕು. ಗೇರು ತೋಪಿನ ಬಿಸಿಲು ಬೀಳುವ ಅಂಚುಗಳು ಪ್ರೋಮಾಕಸ್, ಫಿಲೋಡಿಕಸ್‌ಗಳಿಗೆ ಹೇಳಿ ಮಾಡಿಸಿದ ಜಾಗ. ಮಹದಾಯಿಯ ಮರಳು ದಂಡೆ, ಒಣಗಿದ ಹಳ್ಳದ ಬಂಡೆಗಳು ಸ್ಟಿಕೋಪೋಗೊನಿನೇಗಳಿಗೆ. ಘಟ್ಟದ ಮೇಲಿನ ಜಂಬಿಟ್ಟಿಗೆ ಬಯಲುಗಳಲ್ಲಿ ಮಳೆಗಾಲದಲ್ಲಿ ಚಿಗುರುವ ಹುಲ್ಲು ಲೆಪ್ಟೊಗ್ಯಾಸ್ಟ್ರಿನೇ ಗುಂಪಿಗೆ ಒಗ್ಗುವ ನೆಲೆ. ದಟ್ಟ ಕಾಡಿನಲ್ಲಿ ಮರ ಬಿದ್ದು ಬಿಸಿಲುಕಿಂಡಿ ತೆರೆದ ಕಡೆ, ಕೊಳೆಯುತ್ತಿರುವ ದಿಮ್ಮಿಯ ಮೇಲೆ ಲಾಫ್ರೀನೇಗಳನ್ನು ನೋಡಬೇಕು.

ಒಂದು ಚಿತ್ರದ ಪರಿಶೀಲನೆ

ಗುರುತಿಸುವ ಕ್ರಮ ತಿಳಿಯಲು ಇಂಥದೊಂದು ಚಿತ್ರವನ್ನು ಎದುರಿಗಿಟ್ಟುಕೊಳ್ಳೋಣ: ಗೇರು ಮರದ ಒಣಕಡ್ಡಿಯ ಮೇಲೆ ಮೂರು ಸೆಂಟಿಮೀಟರಿನಷ್ಟು ಉದ್ದದ ಕಂದು ನೊಣ ಕೂತಿದೆ, ಸೊಂಡಿಲಿಗೆ ತುಡುವೆ ಜೇನ್ನೊಣ ಸಿಕ್ಕಿಕೊಂಡಿದೆ. ಚಿತ್ರ ಪಕ್ಕದಿಂದ, ಸ್ವಲ್ಪ ಮೇಲಿನಿಂದ ತೆಗೆದದ್ದು.

ಮೊದಲು ಕಣ್ಣುಗಳ ನಡುವಣ ಕುಳಿ ಮತ್ತು ಮುಖದ ಹಳದಿ ಗುಚ್ಛ ನೋಡಬೇಕು. ಅಲ್ಲಿಗೆ ಕುಟುಂಬ ಅಸಿಲಿಡೇ ಎಂಬುದರಲ್ಲಿ ಅನುಮಾನವಿಲ್ಲ. ಎರಡನೆಯದಾಗಿ ಚಿತ್ರವನ್ನು ದೊಡ್ಡದು ಮಾಡಿ ಕುಡಿಮೀಸೆ ನೋಡಬೇಕು. ತುದಿಯ ಮೊನೆ ಬರಿದಾಗಿದೆ, ಗರಿಗಳಿಲ್ಲ. ಹಾಗಾಗಿ ಒಮ್ಮಾಟೀನೇ ಅಲ್ಲ. ಮೊನೆ ಇರುವುದರಿಂದ ಲಾಫ್ರೀನೇ ಕೂಡ ಅಲ್ಲ. ಮುಂಗಾಲಿನ ಜಂಘೆಯಲ್ಲಿ ಬಾಗಿದ ಮುಳ್ಳಿಲ್ಲ. ರೆಕ್ಕೆಯ ಮುಂದಂಚಿನ ಕೋಷ್ಠ ಅಂಚಿಗೆ ಮೊದಲೇ ಮುಚ್ಚಿದೆ. ಹೀಗೆ ಅಸಿಲಿನೇ ಉಳಿಯುತ್ತದೆ.

ಮೂರನೆಯ ಹಂತ ರೆಕ್ಕೆಯ ತುದಿಭಾಗ. ಮುಂದಂಚಿನ ಕೋಷ್ಠದ ಹಿಂದೆ ಇರುವ ಉಪಾಂಚಿನ ಕೋಷ್ಠಗಳನ್ನು ಎಣಿಸಬೇಕು. ಹೆಚ್ಚಿನ ಅಸಿಲಿನೇಗಳಲ್ಲಿ ಇವು ಎರಡು. ಪ್ರೋಮಾಕಸ್‌ನಲ್ಲಿ ಒಂದು ಹೆಚ್ಚುವರಿ ಅಡ್ಡನಾಳ ಇರುವುದರಿಂದ ಮೂರಾಗುತ್ತವೆ. ದೇಹದಲ್ಲಿ ಬಹಳ ಹೋಲುವ ಫಿಲೋಡಿಕಸ್‌ನಲ್ಲಿ ಎರಡೇ. ನಮ್ಮ ಚಿತ್ರದಲ್ಲಿ ರೆಕ್ಕೆಗಳು ಬೆನ್ನಿನ ಮೇಲೆ ಒಂದರ ಮೇಲೊಂದು ಮಡಿಚಿ ಬಿದ್ದಿರುವುದರಿಂದ ಕೆಳಗಿನ ರೆಕ್ಕೆಯ ನಾಳಗಳು ಮೇಲಿನದರ ನಾಳಗಳೊಂದಿಗೆ ಬೆರೆತು ಕಾಣಬಹುದು. ಒಂದು ರೆಕ್ಕೆಯ ನಾಳವನ್ನಷ್ಟೇ ಬೆರಳಿಟ್ಟು ಹಿಂಬಾಲಿಸಿದಂತೆ ಬುಡದಿಂದ ತುದಿಗೆ ನೋಡುತ್ತ ಹೋದರೆ ಮೂರು ಕೋಷ್ಠಗಳು ಸಿಗುತ್ತವೆ. ಕುಲ ಪ್ರೋಮಾಕಸ್.

ಚಿತ್ರದಿಂದ ಗುರುತಿಸುವುದು ಇಲ್ಲಿಗೆ ನಿಲ್ಲಬೇಕು. ಉದರದ ಪಟ್ಟಿಗಳು, ಎದೆಯ ಮೇಲಿನ ಮಚ್ಚೆಗಳು ಯಾವುದೋ ಒಂದು ಪ್ರಭೇದದ ವಿವರಣೆಗೆ ಹೊಂದಿದಂತೆ ಕಂಡರೂ ದಾಖಲೆಯಲ್ಲಿ ಪ್ರೋಮಾಕಸ್ ಕುಲ ಎಂದಷ್ಟೇ ಬರೆಯುವುದು ಸರಿ. ಬೇಟೆ ತುಡುವೆ ಜೇನು, ಕೂತದ್ದು ಗೇರಿನ ಒಣಕಡ್ಡಿ, ತಿಂಗಳು ಇಂಥದು ಎಂಬುದನ್ನೂ ಜೊತೆಗೇ ಬರೆದಿಟ್ಟರೆ ದಾಖಲೆ ತುಂಬಿಬಂದಂತೆ.

ಪ್ರಭೇದದ ಹೆಸರು ಏಕೆ ಕಷ್ಟ

ಮೊದಲ ಕಾರಣ ದೇಹರಚನೆಯದು. ಅಸಿಲಿನೇ, ಒಮ್ಮಾಟೀನೇಗಳ ಬಹುತೇಕ ಕುಲಗಳಲ್ಲಿ ಪ್ರಭೇದಗಳನ್ನು ಬೇರ್ಪಡಿಸುವುದು ಗಂಡಿನ ಜನನಾಂಗದ ಆಕಾರ. ಉದರದ ತುದಿಯಲ್ಲಿ ಚಿಮಟದಂತೆ ಕಾಣುವ ಹೊರಭಾಗ ಚಿತ್ರದಲ್ಲಿ ಸ್ವಲ್ಪಮಟ್ಟಿಗೆ ಸಿಕ್ಕರೂ ಒಳಗಿನ ಭಾಗಗಳನ್ನು ನೋಡಲು ಮಾದರಿಯನ್ನು ಸೂಕ್ಷ್ಮದರ್ಶಕದಡಿ ಬಿಡಿಸಲೇಬೇಕು. ಹೆಣ್ಣುಗಳಲ್ಲಿ ಈ ಗುರುತೂ ಇಲ್ಲ. ಅನೇಕ ಪ್ರಭೇದಗಳ ವಿವರಣೆ ಒಂದೇ ಲಿಂಗದ ಮಾದರಿಯಿಂದ ಬಂದಿರುವುದರಿಂದ ಇನ್ನೊಂದು ಲಿಂಗವನ್ನು ಸರಿಯಾಗಿ ಜೋಡಿಸುವುದೂ ತೊಡಕು.

ಎರಡನೆಯ ಕಾರಣ ಬಣ್ಣದ್ದು. ದರೋಡೆ ನೊಣದ ಮೈಮೇಲಿನ ಬೂದು, ಹೊನ್ನು, ಬೆಳ್ಳಿ ಬಣ್ಣದ ಹೆಚ್ಚಿನ ಪಾಲು ಸೂಕ್ಷ್ಮ ಧೂಳಿನಂಥ ಲೇಪದಿಂದ ಬರುತ್ತದೆ. ಬೆಳಕು ಬೀಳುವ ಕೋನ ಬದಲಾದರೆ ಅದೇ ಮಚ್ಚೆ ಒಮ್ಮೆ ಕಪ್ಪಾಗಿಯೂ ಒಮ್ಮೆ ಬೆಳ್ಳಿಯಾಗಿಯೂ ಕಾಣುತ್ತದೆ. ವಯಸ್ಸಾದ ನೊಣದಲ್ಲಿ ಈ ಲೇಪವೂ ರೋಮವೂ ಸವೆದಿರುತ್ತವೆ. ಫ್ಲ್ಯಾಶ್ ಹಾಕಿ ತೆಗೆದ ಚಿತ್ರವೂ ಬಿಸಿಲಿನಲ್ಲಿ ತೆಗೆದ ಚಿತ್ರವೂ ಒಂದೇ ನೊಣವನ್ನು ಬೇರೆಬೇರೆಯಾಗಿ ತೋರಿಸುತ್ತವೆ.

ಮೂರನೆಯ ಕಾರಣ ಹಳೆಯ ವಿವರಣೆಗಳದು. ಭಾರತದ ಅನೇಕ ಪ್ರಭೇದಗಳ ಮೂಲ ವಿವರಣೆ ಲ್ಯಾಟಿನ್ ಅಥವಾ ಜರ್ಮನ್ ಭಾಷೆಯ ಕೆಲವೇ ಸಾಲುಗಳಲ್ಲಿದೆ. ಮೂಲ ಮಾದರಿಗಳು ಕೋಪನ್‌ಹೇಗನ್, ವಿಯೆನ್ನಾ, ಪ್ಯಾರಿಸ್, ಲಂಡನ್ನಿನ ಸಂಗ್ರಹಾಲಯಗಳಲ್ಲಿವೆ. ಮಾದರಿ ಸಿಕ್ಕ ಜಾಗವೆಂದು ಬರೆದದ್ದು ಬಹಳ ಕಡೆ ಬರೀ ಈಸ್ಟ್ ಇಂಡೀಸ್ ಎಂದು.

ಅಧ್ಯಯನದ ಇತಿಹಾಸ

ಈ ಕುಟುಂಬದ ವೈಜ್ಞಾನಿಕ ನಾಮಕರಣ ಕಾರ್ಲ್ ಲಿನೇಯಸ್ 1758ರಲ್ಲಿ ಅಸಿಲಸ್ ಕುಲವನ್ನು ಹೆಸರಿಸಿದಲ್ಲಿಂದ ಶುರುವಾಗುತ್ತದೆ. ಅವನ ಶಿಷ್ಯ ಫ್ಯಾಬ್ರಿಷಿಯಸ್ ಪೂರ್ವದೇಶಗಳಿಂದ ಬಂದ ಮಾದರಿಗಳಿಗೆ ಹೆಸರಿಟ್ಟ. ಇಂದು ಪ್ರೋಮಾಕಸ್ ಮ್ಯಾಕುಲೇಟಸ್ ಎಂದು ಕರೆಯುವ ಭಾರತದ ಸಾಮಾನ್ಯ ದರೋಡೆ ನೊಣಕ್ಕೆ 1775ರಲ್ಲಿ ಹೆಸರು ಕೊಟ್ಟವನು ಅವನೇ. 19ನೆಯ ಶತಮಾನದಲ್ಲಿ ವೀಡೆಮನ್, ಮಕಾರ್, ಫ್ರಾನ್ಸಿಸ್ ವಾಕರ್ ಇನ್ನೂ ಅನೇಕ ಪ್ರಭೇದಗಳನ್ನು ವಿವರಿಸಿದರು. ಲಂಡನ್ನಿನಲ್ಲಿ ಗರ್ಟ್ರೂಡ್ ರಿಕಾರ್ಡೊ 1920ರ ಆಸುಪಾಸಿನಲ್ಲಿ ಪೌರ್ವಾತ್ಯ ಪ್ರದೇಶದ ದರೋಡೆ ನೊಣಗಳನ್ನು ಪರಿಷ್ಕರಿಸಿದರು. ಸ್ಟ್ಯಾನ್ಲಿ ಬ್ರಾಮ್ಲಿ 1935ರಲ್ಲಿ ಭಾರತದ ಹೊಸ ಪ್ರಭೇದಗಳನ್ನು ಪ್ರಕಟಿಸಿದರು. ಫ್ರ್ಯಾಂಕ್ ಹಲ್ 1962ರಲ್ಲಿ ಜಗತ್ತಿನ ಎಲ್ಲ ಕುಲಗಳನ್ನು ಒಳಗೊಂಡ ಬೃಹತ್ ಗ್ರಂಥ ಹೊರತಂದರು.

ಭಾರತದಲ್ಲಿ ಈ ಕೆಲಸವನ್ನು ಗಟ್ಟಿಯಾಗಿ ಕಟ್ಟಿದವರು ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಎ.ಎನ್.ಟಿ. ಜೋಸೆಫ್ ಮತ್ತು ಪಿ. ಪರುಯಿ. ಹಲವು ಹೊಸ ಪ್ರಭೇದಗಳನ್ನು ವಿವರಿಸಿದ ಇವರು 1998ರಲ್ಲಿ ಫೌನಾ ಆಫ್ ಇಂಡಿಯಾ ಮಾಲೆಯಲ್ಲಿ ಅಸಿಲಿಡೇ ಕುಟುಂಬದ ಮೊದಲ ಸಂಪುಟವನ್ನು ತಂದರು. ಚಿತ್ರದಿಂದ ಕುಲದವರೆಗೆ ಬಂದವರಿಗೆ ಮುಂದಿನ ಹೆಜ್ಜೆಯಲ್ಲಿ, ಇದರಲ್ಲಿರುವ ಗುಂಪುಗಳ ಮಟ್ಟಿಗೆ, ಈ ಸಂಪುಟದ ಗುರುತಿಸುವ ಕೀಲಿಪಟ್ಟಿಗಳು ನೆರವಾಗುತ್ತವೆ.

ಚಿತ್ರ ತೆಗೆಯುವ ಕ್ರಮ

ಗುರುತಿಸಲು ಆಗುವ ಚಿತ್ರ ಅಂದವಾಗಿರಲೇಬೇಕೆಂದಿಲ್ಲ. ಒಂದೇ ನೊಣದ ಹಲವು ಕೋನಗಳ ಚಿತ್ರಗಳು ಬೇಕು. ನೇರ ಪಕ್ಕದಿಂದ ತೆಗೆದ ಚಿತ್ರದಲ್ಲಿ ಕಾಲಿನ ಬಣ್ಣ, ಮುಂಗಾಲಿನ ಮುಳ್ಳು, ಉದರದ ತುದಿ ಕಾಣುತ್ತವೆ. ನೇರ ಮೇಲಿನಿಂದ ತೆಗೆದದ್ದರಲ್ಲಿ ರೆಕ್ಕೆಯ ನಾಳಗಳೂ ಎದೆಯ ಮೇಲಿನ ವಿನ್ಯಾಸವೂ ಸಿಗುತ್ತವೆ. ಎದುರಿನಿಂದ ತೆಗೆದದ್ದರಲ್ಲಿ ನೆತ್ತಿಯ ಕುಳಿ, ಮುಖದ ಗುಚ್ಛ, ಕುಡಿಮೀಸೆ ಸಿಗುತ್ತವೆ. ಉದರದ ತುದಿಯನ್ನಷ್ಟೇ ಪಕ್ಕದಿಂದಲೂ ಮೇಲಿನಿಂದಲೂ ಹತ್ತಿರದಿಂದ ತೆಗೆದರೆ ಗಂಡೋ ಹೆಣ್ಣೋ ತಿಳಿಯುತ್ತದೆ, ತಜ್ಞರಿಗೆ ಮುಂದಿನ ಸುಳಿವೂ ಸಿಗುತ್ತದೆ.

ಬೇಟೆ ಹಿಡಿದು ಕೂತ ನೊಣ ಬೇಗ ಹಾರುವುದಿಲ್ಲ, ಹಾರಿದರೂ ಸಾಮಾನ್ಯವಾಗಿ ಹತ್ತಿರದಲ್ಲೇ ಮತ್ತೆ ಕೂರುತ್ತದೆ. ನೆರಳು ಅದರ ಮೇಲೆ ಬೀಳದಂತೆ ತಗ್ಗಿ, ನಿಧಾನವಾಗಿ ಹತ್ತಿರವಾಗಬೇಕು. ಕೂಡುವ ಜೋಡಿಗಳ ಚಿತ್ರ ಬಹಳ ಅಮೂಲ್ಯ. ಹಿಂಬದಿಗಳು ಸೇರಿ ವಿರುದ್ಧ ದಿಕ್ಕಿಗೆ ಮುಖ ಮಾಡಿ ಕೂತ ಜೋಡಿ ಆ ಪ್ರಭೇದದ ಗಂಡು-ಹೆಣ್ಣುಗಳನ್ನು ಒಂದೇ ಚಿತ್ರದಲ್ಲಿ ಜೋಡಿಸಿಕೊಡುತ್ತದೆ. ಸಂಗ್ರಹಾಲಯದ ಪೆಟ್ಟಿಗೆಯಲ್ಲಿ ಈ ಸಾಕ್ಷಿ ಅಪರೂಪ. ಗಾತ್ರ ತಿಳಿಯಲು ನೊಣ ಹಾರಿದ ಮೇಲೆ ಅದೇ ಕಡ್ಡಿಯ ಪಕ್ಕ ಅಳತೆಪಟ್ಟಿ ಹಿಡಿದು ಇನ್ನೊಂದು ಚಿತ್ರ ತೆಗೆದರೆ ಸಾಕು.

ದಿನಾಂಕ, ಸಮಯ, ಸ್ಥಳ, ಎತ್ತರ, ಕೂತ ಜಾಗ, ಬೇಟೆ ಇಷ್ಟನ್ನು ಅಂದೇ ಬರೆದಿಡಬೇಕು. ವನ್ಯಧಾಮದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅಲ್ಲಿಂದ ಕೀಟಗಳನ್ನು ಹಿಡಿದು ತರಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಪ್ರತ್ಯೇಕ ಅನುಮತಿ ಪಡೆಯಬೇಕು. ಹೀಗಿರುವಾಗ ಸಾಮಾನ್ಯ ಆಸಕ್ತರು ಕಾನೂನಿನೊಳಗೆ ಕೊಡಬಹುದಾದ ದೊಡ್ಡ ಕೊಡುಗೆ ಚಿತ್ರವೇ.

ಚಿತ್ರವೇ ಸಾಕ್ಷಿಯಾದಾಗ

ಚಿತ್ರದಿಂದಲೇ ಹೊಸ ಪ್ರಭೇದವನ್ನು ಹೆಸರಿಸಬಹುದೇ ಎಂಬ ಪ್ರಶ್ನೆ ನೊಣಗಳ ವಿಷಯದಲ್ಲೇ ದೊಡ್ಡ ಚರ್ಚೆಯಾಯಿತು. 2015ರಲ್ಲಿ ಸ್ಟೀಫನ್ ಮಾರ್ಷಲ್ ಮತ್ತು ನೀಲ್ ಈವನ್‌ಹೌಸ್ ದಕ್ಷಿಣ ಆಫ್ರಿಕಾದ ಮಾರ್ಲಿಮೈಯ ಕ್ಸೈಲೊಕೋಪೆ ಎಂಬ ಬಾಂಬಿಲಿಡೇ ನೊಣವನ್ನು ಸಂರಕ್ಷಿಸಿದ ಮಾದರಿ ಯಾವುದೂ ಇಲ್ಲದೆ ಛಾಯಾಚಿತ್ರಗಳ ಆಧಾರದಲ್ಲಿ ವಿವರಿಸಿದರು. ಹೈಪರೇಕಿಯದಂತೆ ಇದೂ ಮರ ಕೊರೆಯುವ ಭ್ರಮರವನ್ನು ಅನುಕರಿಸುವ ನೊಣ. ಮಾದರಿಯೇ ಇಲ್ಲದಿದ್ದರೆ ನಾಳೆ ಹೋಲುವ ಇನ್ನೊಂದು ಪ್ರಭೇದ ಸಿಕ್ಕಾಗ ಯಾವುದಕ್ಕೆ ಹೋಲಿಸುವುದು ಎಂದು ಅನೇಕ ವರ್ಗೀಕರಣಕಾರರು ಆಕ್ಷೇಪಿಸಿದರು. ಪ್ರಾಣಿ ನಾಮಕರಣದ ಅಂತರರಾಷ್ಟ್ರೀಯ ಆಯೋಗ 2017ರಲ್ಲಿ ಇಂಥ ವಿವರಣೆಗಳಿಗೆ ಹೆಚ್ಚುವರಿ ಶಿಫಾರಸುಗಳನ್ನು ಸೇರಿಸಿತು.

ಇನ್ನೊಂದು ದಾರಿ ಹೆಚ್ಚು ಗಟ್ಟಿ. ಮಲೇಶಿಯಾದಲ್ಲಿ ಹವ್ಯಾಸಿ ಛಾಯಾಗ್ರಾಹಕರೊಬ್ಬರು ತೆಗೆದ ಸುಂದರ ಜಾಲರೆಕ್ಕೆಯ ಕೀಟವೊಂದರ ಚಿತ್ರ ಅಂತರ್ಜಾಲದಲ್ಲಿ ಕೀಟಶಾಸ್ತ್ರಜ್ಞ ಶಾನ್ ವಿಂಟರ್ಟನ್ ಕಣ್ಣಿಗೆ ಬಿತ್ತು. ಅದು ಹೊಸತೆಂದು ಅನುಮಾನಿಸಿದ ಅವರು ಮಾದರಿ ಸಿಗುವವರೆಗೆ ಕಾದರು. ಛಾಯಾಗ್ರಾಹಕರು ಅದೇ ಕಾಡಿಗೆ ಮರಳಿ ಮಾದರಿ ಹಿಡಿದ ಮೇಲೆ 2012ರಲ್ಲಿ ಅದಕ್ಕೆ ಸೆಮಾಕ್ರೈಸ ಜೇಡ್ ಎಂಬ ಹೆಸರು ಬಂತು. ಚಿತ್ರ ಸುಳಿವು ಕೊಟ್ಟಿತು, ಮಾದರಿ ಆಧಾರವಾಯಿತು. ಪಶ್ಚಿಮ ಘಟ್ಟದ ದರೋಡೆ ನೊಣಗಳಿಗೂ ಒಗ್ಗುವ ದಾರಿ ಇದೇ.

ಜಾಲತಾಣಗಳು ಮತ್ತು ಯಂತ್ರದ ಸಲಹೆ

2008ರಲ್ಲಿ ಆರಂಭವಾದ ಐನ್ಯಾಚುರಲಿಸ್ಟ್, ಭಾರತದ್ದೇ ಆದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಮುಂತಾದ ಜಾಲತಾಣಗಳಲ್ಲಿ ಯಾರು ಬೇಕಾದರೂ ಚಿತ್ರ ಸೇರಿಸಬಹುದು. ಕೆಲವು ಆ್ಯಪ್‌ಗಳು ಚಿತ್ರ ನೋಡಿ ತಾವೇ ಹೆಸರು ಸೂಚಿಸುತ್ತವೆ. ಯಂತ್ರ ಕಲಿತಿರುವುದು ಸಾಕಷ್ಟು ಚಿತ್ರಗಳಿರುವ ಪ್ರಭೇದಗಳನ್ನು ಮಾತ್ರ. ಅಮೆರಿಕ, ಯುರೋಪಿನ ನೊಣಗಳ ಚಿತ್ರಗಳು ಹೆಚ್ಚಿರುವುದರಿಂದ ವಾಳಪೈಯ ನೊಣಕ್ಕೆ ಸಾಗರದಾಚೆಯ ಹೆಸರು ಬರುವ ಅಪಾಯವಿದೆ. ಒಬ್ಬರು ಅದನ್ನು ಒಪ್ಪಿ, ಇನ್ನೊಬ್ಬರು ಹೌದೆಂದರೆ ತಪ್ಪು ಹೆಸರೇ ದಾಖಲೆಯಾಗಿ ಮುಂದಿನ ಯಂತ್ರಕ್ಕೆ ಪಾಠವಾಗುತ್ತದೆ. ಆದ್ದರಿಂದ ಯಂತ್ರ ಪ್ರಭೇದ ಹೇಳಿದರೂ ಮೇಲಿನ ಗುರುತುಗಳನ್ನು ಒಂದೊಂದಾಗಿ ನೋಡಿ, ಕಂಡಷ್ಟನ್ನೇ ದಾಖಲಿಸಬೇಕು. ಕುಲದ ಮಟ್ಟದಲ್ಲಿ ಸರಿಯಾಗಿ ನಿಂತ ದಾಖಲೆಯನ್ನು ನಾಳೆ ತಜ್ಞರು ಮುಂದಕ್ಕೆ ಒಯ್ಯಬಲ್ಲರು, ತಪ್ಪು ಪ್ರಭೇದದ ಹೆಸರಲ್ಲಿ ಹೂತುಹೋದ ದಾಖಲೆಯನ್ನು ಹುಡುಕಿ ತೆಗೆಯುವವರಿಲ್ಲ.

ಮಹತ್ವ

ದರೋಡೆ ನೊಣಗಳು ಕೀಟಲೋಕದ ಮೇಲ್ಸ್ತರದ ಬೇಟೆಗಾರರು. ಮಿಡತೆ, ಜೀರುಂಡೆ, ರೆಕ್ಕೆ ಬಂದ ಗೆದ್ದಲು, ಕಣಜ, ಇತರ ನೊಣಗಳು ಎಲ್ಲವನ್ನೂ ಹಿಡಿಯುತ್ತವೆ. ದೊಡ್ಡ ಪ್ರಭೇದಗಳು ಜೇನುಗೂಡುಗಳ ಬಳಿ ಕೂತು ಜೇನ್ನೊಣಗಳನ್ನು ಹಿಡಿಯುವುದರಿಂದ ಜೇನು ಸಾಕುವವರಿಗೆ ಇವುಗಳ ಮೇಲೆ ಸಿಟ್ಟು. ಅದೇ ನೊಣದ ಮರಿ ಮಣ್ಣಿನಲ್ಲಿ ಬೇರು ತಿನ್ನುವ ಗೊಣ್ಣೆಹುಳುಗಳನ್ನು ತಿನ್ನುತ್ತಿರಬಹುದು. ಅಡಿಕೆ ತೋಟಗಳಲ್ಲಿ ಬೇರುಹುಳುವಿನ ಕಾಟ ಅನುಭವಿಸಿದ ಸತ್ತರಿ, ಉತ್ತರ ಕನ್ನಡ, ಮಲೆನಾಡಿನ ಬೆಳೆಗಾರರಿಗೆ ಈ ಲೆಕ್ಕ ತಿಳಿಯುವುದು ಅಗತ್ಯ.

ಯಾವ ಕುಲ ಯಾವ ಬೇಟೆ ಹಿಡಿಯುತ್ತದೆ, ಯಾವ ತಿಂಗಳಲ್ಲಿ ಎಲ್ಲಿ ಕೂರುತ್ತದೆ ಎಂಬ ಮಾಹಿತಿಯನ್ನು ಸೂಜಿಗೆ ಚುಚ್ಚಿಟ್ಟ ಹಳೆಯ ಮಾದರಿಗಳು ಕೊಡುವುದು ಅಪರೂಪ. ಜೀವಂತ ನೊಣದ ಚಿತ್ರಗಳು ಕೊಡುತ್ತವೆ. ಸಂಗ್ರಹಾಲಯದಲ್ಲಿ ಹೆಸರಿದೆ, ಬದುಕಿನ ವಿವರವಿಲ್ಲ. ಚಿತ್ರದಲ್ಲಿ ಬದುಕಿದೆ, ಹೆಸರು ಅರ್ಧಕ್ಕೆ ನಿಂತಿದೆ. ಎರಡನ್ನೂ ಜೋಡಿಸುವ ಕೆಲಸಕ್ಕೆ ಬೇಕಾದುದು ಪ್ರಾಮಾಣಿಕವಾದ ಸಣ್ಣ ದಾಖಲೆಗಳ ದೊಡ್ಡ ರಾಶಿ. ಪ್ರತಿ ವರ್ಷ ಏಪ್ರಿಲ್ 30ನ್ನು ವಿಶ್ವ ದರೋಡೆ ನೊಣ ದಿನವಾಗಿ ಆಸಕ್ತರು ಆಚರಿಸುತ್ತಾರೆ. ಮುಂಗಾರಿಗೆ ಮುಂಚಿನ ಆ ದಿನಗಳಲ್ಲಿ ವಾಳಪೈಯ ಗೇರು ತೋಪಿಗೋ ಖಾನಾಪುರದ ಕಾಡಂಚಿಗೋ ಹೋದವರು ಪಕ್ಕದಿಂದ, ಮೇಲಿನಿಂದ, ಎದುರಿನಿಂದ ಮೂರು ಚಿತ್ರ ತೆಗೆದು, ಬೇಟೆಯ ಹೆಸರು ಬರೆದು, ಕುಲದ ಮಟ್ಟದಲ್ಲಿ ದಾಖಲಿಸಿದರೆ ಈ ಕುಟುಂಬದ ಅಧ್ಯಯನಕ್ಕೆ ಅದು ನಿಜವಾದ ಕೊಡುಗೆ.